ಮಳೆ ಕಮ್ಮಿ ಆಗಿದ್ಯಾ? ಅಳೆದು ನೋಡೋಣ

ನಮಸ್ಕಾರ ಮಕ್ಕಳೇ. ಹೈಸ್ಕೂಲಲ್ಲಿ ಓದ್ತಿರೋರೆಲ್ಲ ಸ್ವಲ್ಪ ರೇಡಿಯೋ ಹತ್ರ ಬನ್ನಿ, ಇವತ್ತಿನ ಮಾತು ನಿಮಗೇ. ನಮ್ಮ ಚಿಕ್ಕಮಗಳೂರು ಜಿಲ್ಲೆಲಿ ಯಾರ ಮನೆ ಜಗಲಿಲಿ ಕೂತ್ರೂ ಒಂದು ಮಾತು ಬಂದೇ ಬರುತ್ತೆ, "ಮೊದಲಿನ ಥರ ಮಳೆ ಈಗೆಲ್ಲಿದೆ" ಅಂತ. ಹೇಳೋರು ದೊಡ್ಡವರು, ಅನುಭವ ಇರೋರು, ಅವರ ಮಾತು ಗೌರವದಿಂದಲೇ ಕೇಳಿ. ಕೇಳಾದ್ಮೇಲೆ ಅದನ್ನ ಪರೀಕ್ಷೆ ಮಾಡೋದು ಹೇಗೆ ಅಂತ ಯೋಚ್ನೆ ಮಾಡಿ, ವಿಜ್ಞಾನ ಶುರುವಾಗೋದೇ ಅಲ್ಲಿಂದ.

ಮಳೆ ಕಮ್ಮಿ ಅಂದ್ರೆ ಏನು ಹೇಳಿ? ವರ್ಷಕ್ಕೆ ಬೀಳೋ ಒಟ್ಟು ನೀರು ಕಮ್ಮಿ ಆಯ್ತಾ, ಮಳೆ ಬರೋ ದಿನಗಳು ಕಮ್ಮಿ ಆದ್ವಾ, ಇಲ್ಲಾ ಮಾರ್ಚ್ ಏಪ್ರಿಲ್‌ಲಿ ಕಾಫಿ ಗಿಡ ಹೂ ಬಿಡೋಕೆ ಬೇಕಾದ ಹೂಮಳೆ ಟೈಮಿಗೆ ಸರಿಯಾಗಿ ಬರ್ತಿಲ್ವಾ? ಮೂರೂ ಬೇರೆ ಬೇರೆ ಪ್ರಶ್ನೆ. 100 ಮಿಲಿಮೀಟರ್ ಮಳೆ ದಿನಕ್ಕೆ ಐದೈದರಂತೆ 20 ದಿನ ಬಿದ್ರೆ ಮಣ್ಣು ನಿಧಾನಕ್ಕೆ ಕುಡಿಯುತ್ತೆ, ಅದೇ 100 ಒಂದೇ ರಾತ್ರಿ ಸುರಿದ್ರೆ ಮೇಲ್ಮಣ್ಣನ್ನೂ ಎಳ್ಕೊಂಡು ಹಳ್ಳ ಸೇರುತ್ತೆ, ಆದ್ರೆ ತಿಂಗಳ ಕೊನೆಗೆ ಕೂಡಿದ್ರೆ ಎರಡೂ 100ನೇ. ಅದಕ್ಕೆ ಒಟ್ಟು ಮಳೆ ಜೊತೆಗೆ ಮಳೆ ದಿನಗಳನ್ನೂ ಎಣಿಸಬೇಕು. 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದ ದಿನವನ್ನ ಮಾತ್ರ ಹವಾಮಾನ ಇಲಾಖೆ ಮಳೆ ದಿನ ಅಂತ ಲೆಕ್ಕಕ್ಕೆ ತಗೊಳ್ಳುತ್ತೆ.

ಅಳೆಯೋಕೆ ದುಡ್ಡೇನೂ ಬೇಡ. ಮೇಲಿಂದ ಕೆಳತನಕ ಒಂದೇ ಅಗಲ ಇರೋ ಡಬ್ಬ ಒಂದು, ಸ್ಕೇಲ್ ಒಂದು ಸಾಕು. ಡಬ್ಬದ ಬಾಯಿ ಎಷ್ಟೇ ದೊಡ್ಡದಿರಲಿ, ನಿಂತ ನೀರಿನ ಎತ್ತರ ಹತ್ತು ಮಿಲಿಮೀಟರ್ ಇದ್ರೆ ಮಳೆನೂ ಹತ್ತು ಮಿಲಿಮೀಟರ್. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಸರಿಯಾಗಿ ಒಂದು ಲೀಟರ್ ನೀರು, ನಿಮ್ಮ ಸ್ಕೂಲ್ ಸೂರಿನ ಅಳತೆ ಹಿಡಿದು ಲೆಕ್ಕ ಹಾಕಿ ನೋಡಿ, ಆಶ್ಚರ್ಯ ಆಗುತ್ತೆ. ಡಬ್ಬನ ಸಿಲ್ವರ್ ಮರದ ಅಡಿ, ಹೆಂಚಿನ ಅಂಚಲ್ಲಿ ಇಡಬೇಡಿ, ಮರ ಎಷ್ಟು ಎತ್ತರ ಇದ್ಯೋ ಅದರ ಎರಡರಷ್ಟಾದ್ರೂ ದೂರ ಇಡಿ. ದಿನಾ ಬೆಳಗ್ಗೆ ಎಂಟೂವರೆಗೆ ನೋಡಿ ಬರೀರಿ, ಇಲಾಖೆಯೋರು ನೋಡೋದೂ ಅದೇ ಟೈಮಿಗೆ.

ಇಲ್ಲಿ ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಮಳೆ ಬರಲಿಲ್ಲ ಅಂದ್ರೆ ಸೊನ್ನೆ ಹಾಕಿ. ನೀವು ಅಜ್ಜಿ ಮನೆಗೆ ಹೋಗಿದ್ರಿ, ನೋಡೋಕೆ ಆಗಲಿಲ್ಲ ಅಂದ್ರೆ "ಅಳೆದಿಲ್ಲ" ಅಂತ ಬರೀರಿ, ಸೊನ್ನೆ ಹಾಕಬೇಡಿ, ಅಂದಾಜಿಗೆ ಏನೋ ತುಂಬಲೂ ಬೇಡಿ. ಮಳೆ ಇಲ್ದಿರೋದಕ್ಕೂ ನಮಗೆ ಗೊತ್ತಿಲ್ದಿರೋದಕ್ಕೂ ಬಹಳ ವ್ಯತ್ಯಾಸ ಇದೆ, ಇದನ್ನ ಬೆರೆಸಿಬಿಟ್ರೆ ಮುಂದೆ ಎಂಥಾ ಬುದ್ಧಿವಂತರು ಬಂದ್ರೂ ಆ ಪುಸ್ತಕದಿಂದ ನಿಜ ತೆಗೆಯೋಕಾಗಲ್ಲ.

ನಮ್ಮ ಅದೃಷ್ಟ ಅಂದ್ರೆ ಹಳೇ ಪುಸ್ತಕಗಳು ಇಲ್ಲೇ ಇವೆ. ಕಾಫಿ ತೋಟದೋರು ರೈನ್ ಗೇಜ್ ಇಟ್ಟು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಮಳೆ ಬರ್ಕೊಂಡು ಬಂದಿದಾರೆ. ನೂರು ಸೆಂಟ್ಸ್ ಸೇರಿ ಒಂದಿಂಚು, ಒಂದಿಂಚಿಗೆ 25.4 ಮಿಲಿಮೀಟರ್. ಹತ್ರದ ತೋಟದಲ್ಲಿ ಲೆಕ್ಕ ಬರೆಯೋ ರೈಟರ್ ಅಣ್ಣನ್ನ ಕೇಳಿ ನೋಡಿ. ಆದ್ರೆ ಮೂಡಿಗೆರೆ ಪುಸ್ತಕ ಹಿಡ್ಕೊಂಡು ಕಡೂರಿನ ಮಾತಾಡೋಕಾಗಲ್ಲ, ಯಾಕಂದ್ರೆ ಅರಬ್ಬಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತೆ, ತಣ್ಣಗಾಗುತ್ತೆ, ಇತ್ಲಾಗೇ ಸುರಿಯುತ್ತೆ, ಬೆಟ್ಟ ದಾಟಿ ಇಳಿಯೋ ಹೊತ್ತಿಗೆ ಒಣಗಿರುತ್ತೆ. ಒಂದೇ ಜಿಲ್ಲೆ, ಘಟ್ಟದ ಮೂಡಿಗೆರೆ ಕಡೆ ವರ್ಷಕ್ಕೆ 2000 ಮಿಲಿಮೀಟರ್ ದಾಟುತ್ತೆ, ಬೆಟ್ಟದ ಆಚೆಗಿರೋ ಕಡೂರು ಕಡೆ 1000 ಮುಟ್ಟೋದೇ ಕಷ್ಟ.

ಇನ್ನು ಒಂದು ವರ್ಷ ನೋಡಿ ತೀರ್ಪು ಕೊಡಬೇಡಿ. 2019ರ ಆಗಸ್ಟ್‌ಲಿ ಮೂಡಿಗೆರೆ ಕಡೆ ಗುಡ್ಡನೇ ಕುಸಿಯೋ ಹಾಗೆ ಮಳೆ, 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕಲ್ಲಿ ಬರ. ಆ ಬರದ ವರ್ಷ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಇತ್ತು, ಅಷ್ಟು ದೂರದ ನೀರು ಬಿಸಿಯಾದ್ರೆ ನಮ್ಮ ಮುಂಗಾರು ಸೊರಗೋ ಸಾಧ್ಯತೆ ಜಾಸ್ತಿ. ಹಾಗಾಗಿ "ಕಾಡು ಕಡಿದ್ರು, ಮಳೆ ಹೋಯ್ತು" ಅಂತ ಒಂದೇ ಕಾರಣಕ್ಕೆ ಗಂಟು ಹಾಕೋ ಮುಂಚೆ ಬೇರೆ ಕಾರಣಗಳನ್ನೂ ನೋಡಿ. ಕಾಡು ಮಣ್ಣು ಹಿಡಿಯುತ್ತೆ, ಬೇಸಿಗೆಲೂ ಹಳ್ಳ ಹರಿಯೋ ಹಾಗೆ ನೀರು ಉಳಿಸುತ್ತೆ, ಕಾಡು ಉಳಿಸೋಕೆ ಈ ಕಾರಣಗಳೇ ಧಾರಾಳ. ಹವಾಮಾನ ಬದಲಾಗಿದೆ ಅನ್ನೋಕೆ ವಿಜ್ಞಾನಿಗಳು 30 ವರ್ಷದ ಸರಾಸರಿ ಇಟ್ಕೊಂಡು ಹೋಲಿಸ್ತಾರೆ.

ನಿಮಗೊಂದು ಕೆಲಸ. "ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ" ಅಂತ ಗಾದೆ ಇದ್ಯಲ್ಲ, ಆರಿದ್ರಾ ಮಳೆ ಜೂನ್ 22ರ ಹೊತ್ತಿಗೆ ಶುರುವಾಗಿ ಎರಡು ವಾರ ಇರುತ್ತೆ. ತೋಟದ ಪುಸ್ತಕದಿಂದ ಆ ಎರಡು ವಾರದ ಮಳೆನ ಪ್ರತಿ ವರ್ಷದ್ದೂ ತೆಗೀರಿ, ಪಕ್ಕದಲ್ಲಿ ಆ ವರ್ಷದ ಒಟ್ಟು ಮಳೆ ಬರೀರಿ, ಗ್ರಾಫ್ ಹಾಳೆಲಿ ಚುಕ್ಕಿ ಇಡಿ. ಆರಿದ್ರಾ ಚೆನ್ನಾಗಿ ಆದ ವರ್ಷಗಳಲ್ಲಿ ಒಟ್ಟು ಮಳೆನೂ ಜಾಸ್ತಿ ಇದ್ಯಾ ನೋಡಿ, ಹೊಂದದೇ ಇರೋ ವರ್ಷಗಳನ್ನ ಅಳಿಸದೆ ಹಾಗೇ ಬಿಟ್ಟು, ಸೈನ್ಸ್ ಟೀಚರ್‌ಗೆ ತೋರಿಸಿ. ನಮಸ್ಕಾರ.