ಇಲಿಗೆ ತಗಲದ ಕೊರೋನಾ

ಕೇಳುಗರೆ, ನಮಸ್ಕಾರ.

2020ರಲ್ಲಿ ಕೊರೋನಾ ಬಂದಾಗ ವಿಜ್ಞಾನಿಗಳಿಗೆ ಮೊದಲಿಗೇ ಒಂದು ತೊಡಕು ಎದುರಾಯಿತು. ಲ್ಯಾಬಿನ ಮಾಮೂಲಿ ಇಲಿಗೆ ಈ ಸೋಂಕು ತಗಲುತ್ತಲೇ ಇರಲಿಲ್ಲ. ನಮ್ಮ ಜೀವಕೋಶಗಳ ಮೇಲೆ ಏಸ್-2 ಎಂಬ ಪ್ರೋಟೀನ್ ಇದೆ. ವೈರಸ್ ಅದನ್ನು ಹಿಡಿದೇ ಒಳಗೆ ಬರುವುದು. ಇಲಿಗೂ ಏಸ್-2 ಇದೆ. ಆದರೆ ಅದರ ರೂಪ ಬೇರೆ, ಆಗಿನ ವೈರಸ್ಸಿಗೆ ಹಿಡಿತ ಸಿಗುತ್ತಿರಲಿಲ್ಲ. ಕಾಯಿಲೆಯೇ ಬಾರದ ಪ್ರಾಣಿಗೆ ಮದ್ದು ಕೊಟ್ಟು ಏನು ತಿಳಿಯುತ್ತದೆ, ಅಲ್ವಾ?

ಮನುಷ್ಯರ ಏಸ್-2 ಇರುವ ಇಲಿಗಳು ಹಿಂದೆ ಇದ್ದವು. ಇದೇ ಜಾತಿಯ ವೈರಸ್ಸಿನಿಂದ ಹಿಂದೆ ಬಂದಿದ್ದ ಸಾರ್ಸ್ ಕಾಯಿಲೆಯ ಅಧ್ಯಯನಕ್ಕೆಂದು ಅಮೆರಿಕದ ಅಯೋವಾದಲ್ಲಿ ಅವನ್ನು ರೂಪಿಸಿದ್ದರು. ಸಾರ್ಸ್ ಮರೆಯಾದ ಮೇಲೆ ಅವನ್ನು ಕೇಳುವವರೇ ಇರಲಿಲ್ಲ. ಫ್ರೀಜರಿನಲ್ಲಿ ಕಾಪಿಟ್ಟ ವೀರ್ಯದಿಂದ ಮತ್ತೆ ಸಂತತಿ ಬೆಳೆಸಬೇಕಾಯಿತು. ರೋಗ ಹೋಯಿತೆಂದು ಕೆಲಸವನ್ನೂ ಕೈಬಿಟ್ಟರೆ ಹೀಗಾಗುತ್ತದೆ.

ಅಷ್ಟರಲ್ಲಿ ನೆರವಿಗೆ ಬಂದದ್ದು ಸಿರಿಯನ್ ಹ್ಯಾಮ್‌ಸ್ಟರ್. ಅಂಗೈಯಲ್ಲಿ ಕೂರುವ ಗುಂಡನೆಯ ಪ್ರಾಣಿ. ಸೋಂಕು ತಗಲಿದರೆ ತೂಕ ಇಳಿಯುತ್ತದೆ, ಶ್ವಾಸಕೋಶ ಕೆಡುತ್ತದೆ, ಎರಡು ವಾರದಲ್ಲಿ ಚೇತರಿಸಿಕೊಳ್ಳುತ್ತದೆ.

ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದರು. ಸೋಂಕು ತಗಲಿದ ಹ್ಯಾಮ್‌ಸ್ಟರಿನ ಪಂಜರ, ಪಕ್ಕದಲ್ಲೇ ಆರೋಗ್ಯವಾಗಿರುವವುಗಳ ಪಂಜರ. ಆ ಕಡೆಯಿಂದ ಈ ಕಡೆಗೆ ಗಾಳಿ ಬೀಸುವ ಫ್ಯಾನ್. ಮುಟ್ಟದೆಯೇ 15ರಲ್ಲಿ 10ಕ್ಕೆ ಸೋಂಕು ಬಂತು. ಆಮೇಲೆ ಎರಡರ ನಡುವೆ ಸರ್ಜಿಕಲ್ ಮಾಸ್ಕಿನ ಬಟ್ಟೆಯನ್ನು ಪರದೆಯ ಹಾಗೆ ಕಟ್ಟಿದರು. ಈ ಸಲ 24ರಲ್ಲಿ 6ಕ್ಕೆ ಮಾತ್ರ ಬಂತು. ಮಾಸ್ಕ್ ಹಾಕಿದರೆ ಪ್ರಯೋಜನ ಉಂಟೋ ಇಲ್ಲವೋ ಎಂದು ಎಲ್ಲೆಲ್ಲೂ ವಾದ ನಡೆಯುತ್ತಿದ್ದ ದಿನಗಳವು. ಮನುಷ್ಯರನ್ನು ಹೀಗೆ ಬೇಕೆಂತಲೇ ಸೋಂಕಿನ ಗಾಳಿಗೆ ಒಡ್ಡಲು ಆಗುತ್ತಿತ್ತೇ? ಹ್ಯಾಮ್‌ಸ್ಟರ್ ಮನುಷ್ಯನಲ್ಲ, ನಿಜ. ಅಲ್ಲಿ ಕಂಡದ್ದೆಲ್ಲ ನಮಗೂ ಹಾಗೇ ಅನ್ವಯಿಸುವುದಿಲ್ಲ. ಆದರೂ ಕತ್ತಲಲ್ಲಿ ಅದೊಂದು ದೀಪವಾಯಿತು.

ಕೊವ್ಯಾಕ್ಸಿನ್ ಲಸಿಕೆಯನ್ನು ನಮ್ಮಲ್ಲಿ ಹ್ಯಾಮ್‌ಸ್ಟರ್‌ಗಳ ಜೊತೆಗೆ ಮಂಗಗಳಲ್ಲೂ ಪರೀಕ್ಷಿಸಿದರು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 20 ರೀಸಸ್ ಮಂಗಗಳನ್ನು ಐದೈದರಂತೆ ನಾಲ್ಕು ಗುಂಪು ಮಾಡಿದರು. ಮೂರು ಗುಂಪಿಗೆ ಲಸಿಕೆ, ಒಂದಕ್ಕೆ ಸುಮ್ನೆ ಹೆಸರಿಗೊಂದು ಚುಚ್ಚುಮದ್ದು. ಆಮೇಲೆ ಎಲ್ಲಕ್ಕೂ ವೈರಸ್ ಕೊಟ್ಟರು. ಲಸಿಕೆ ಪಡೆದವುಗಳಲ್ಲಿ ನ್ಯುಮೋನಿಯಾ ಕಾಣಲಿಲ್ಲ. ಲಸಿಕೆ ಸಿಗದ ಗುಂಪಿನ ಶ್ವಾಸಕೋಶದಲ್ಲಿ ಕಂಡಿತು.

ನನ್ನ ತೋಳಿಗೆ ಲಸಿಕೆ ಚುಚ್ಚುವಾಗ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಈಗ ಆ ಐದು ಮಂಗಗಳು ಆಗಾಗ ನೆನಪಾಗುತ್ತವೆ.