ಗ್ರಾಂಟ್ ಅರ್ಜಿ ಬರೆಯುವ ಮೊದಲು

ಕೇಳುಗರೇ, ನಮಸ್ಕಾರ.

ಎಷ್ಟೋ ಊರುಗಳ ಆಸ್ಪತ್ರೆಯ ಡಯಾಲಿಸಿಸ್ ಯಂತ್ರದ ಮೇಲೆ, ಶಾಲೆಯ ನೀರಿನ ಫಿಲ್ಟರ್ ಮೇಲೆ ಸಮಾಜಸೇವೆ ಮಾಡುವ ನಮ್ಮ ರೋಟರಿ ಕ್ಲಬ್‌ಗಳ ಚಕ್ರದ ಗುರುತು ಇರುತ್ತದೆ. ಸಣ್ಣ ಕೆಲಸಕ್ಕೆ ಸದಸ್ಯರೇ ದುಡ್ಡು ಹಾಕುತ್ತಾರೆ. ದೊಡ್ಡದಾದರೆ ರೋಟರಿ ಫೌಂಡೇಶನ್‌ಗೆ ಅರ್ಜಿ ಹಾಕಬೇಕು. 1917ರಲ್ಲಿ ಆರ್ಚ್ ಕ್ಲಂಫ್ ಅವರ ಮಾತಿನಿಂದ ಶುರುವಾದ ನಿಧಿ ಇದು, ಮೊದಲು ಬಂದ ದೇಣಿಗೆ ಇಪ್ಪತ್ತಾರೂವರೆ ಡಾಲರ್.

ಫೌಂಡೇಶನ್ ಕೊಡುವ ಗ್ರಾಂಟ್‌ಗಳಲ್ಲಿ, ಅಂದರೆ ಅನುದಾನಗಳಲ್ಲಿ, ಡಿಸ್ಟ್ರಿಕ್ಟ್ ಗ್ರಾಂಟ್ ಚಿಕ್ಕದು, ಹಲವು ಕ್ಲಬ್‌ಗಳು ಸೇರಿದ ನಮ್ಮ ರೋಟರಿ ಜಿಲ್ಲೆಯ ಮಟ್ಟದಲ್ಲೇ ತೀರ್ಮಾನವಾಗುತ್ತದೆ. ಗ್ಲೋಬಲ್ ಗ್ರಾಂಟ್‌ಗೆ ಯೋಜನೆಯ ವೆಚ್ಚ ಕನಿಷ್ಠ 30,000 ಡಾಲರ್ ಇರಬೇಕು, ಬೇರೆ ದೇಶದ ಕ್ಲಬ್ಬೊಂದು ಜೊತೆಗಿರಬೇಕು.

ಹೆಚ್ಚಿನ ಕ್ಲಬ್‌ಗಳು ಮೊದಲು ಕೊಟೇಶನ್ ತರಿಸುತ್ತವೆ. ಅದು ಆಮೇಲಿನ ಕೆಲಸ. ಮೊದಲು ಜನರನ್ನು ಕೇಳಬೇಕು. ಜನರ ಅಗತ್ಯ ಏನೆಂದು ವಿಚಾರಿಸಿ ಬರೆದ ವರದಿ ಇಲ್ಲದೆ ಆರೋಗ್ಯ, ನೀರಿನಂಥ ಯೋಜನೆಗೆ ಗ್ಲೋಬಲ್ ಗ್ರಾಂಟ್ ಸಿಗುವುದಿಲ್ಲ. ಇದನ್ನು ಸುಮ್ನೆ ಕಾಗದದ ಕೆಲಸ ಅಂತ ನೋಡಬೇಡಿ. ಡಯಾಲಿಸಿಸ್ ಯಂತ್ರವನ್ನೇ ತೆಗೆದುಕೊಳ್ಳಿ. ಅದನ್ನು ನಡೆಸುವ ಟೆಕ್ನಿಷಿಯನ್ ಸಂಬಳ ಯಾರು ಕೊಡುತ್ತಾರೆ, ಶುದ್ಧ ನೀರಿನ ಆರ್‌ಓ ಘಟಕ ಇದೆಯಾ, ಕರೆಂಟ್ ಹೋದರೆ ಜನರೇಟರ್ ಇದೆಯಾ, ಎರಡು ವರ್ಷದ ನಂತರ ರಿಪೇರಿಗೆ ಹಣ ಎಲ್ಲಿಂದ ಬರುತ್ತದೆ? ಇದನ್ನೆಲ್ಲ ವೈದ್ಯರ ಹತ್ತಿರ ಮಾತ್ರ ಅಲ್ಲ, ನರ್ಸ್‌ಗಳ ಹತ್ತಿರ, ವಾರಕ್ಕೆ ಎರಡು ಮೂರು ಸಲ ಬಸ್ ಹತ್ತಿ ದೂರದ ಪೇಟೆಗೆ ಹೋಗುವ ರೋಗಿಗಳ ಹತ್ತಿರವೂ ಕೇಳಬೇಕು. ನಡೆಸುವವರಿಲ್ಲದೆ ಯಂತ್ರ ಮೂಲೆ ಸೇರಿದರೆ ಆ ರೋಗಿಗಳು ಮತ್ತೆ ಅದೇ ಬಸ್ಸಿಗೆ ಕಾಯಬೇಕು, ಅಲ್ವಾ?

ಇನ್ನೊಂದು ಮಾತು, ಮಂಜೂರಾಗುವ ಮೊದಲೇ ಕೆಲಸ ಶುರು ಮಾಡಬೇಡಿ. ಆಗಲೇ ಖರ್ಚು ಮಾಡಿದ ಹಣವನ್ನು ಗ್ರಾಂಟ್ ತುಂಬಿಕೊಡುವುದಿಲ್ಲ.

ಗ್ರಾಂಟ್ ಹಣಕ್ಕೇ ಬೇರೆ ಬ್ಯಾಂಕ್ ಖಾತೆ ಇರಬೇಕು. ಇಬ್ಬರು ಸದಸ್ಯರ ಸಹಿ ಬೇಕು. ಮಾರುವವರು ಸದಸ್ಯರ ನೆಂಟರಾಗಿದ್ದರೆ ಅದನ್ನು ಮುಚ್ಚಿಡದೆ ಮೊದಲೇ ಹೇಳಬೇಕು. ಕೆಲಸ ಮುಗಿದ ಎರಡು ತಿಂಗಳೊಳಗೆ ಕೊನೆಯ ವರದಿ ಹೋಗಬೇಕು.

ನನಗೆ ಹೆಚ್ಚು ಚಿಂತೆ ಆಗುವುದು ಜುಲೈ 1ರ ಬಗ್ಗೆ. ಅವತ್ತು ರೋಟರಿ ವರ್ಷ ಬದಲಾಗುತ್ತದೆ, ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲ ಹೊಸಬರು, ಆದರೆ ಯೋಜನೆ ಇನ್ನೂ ಅರ್ಧದಲ್ಲಿರುತ್ತದೆ, ಬಿಲ್ಲುಗಳು ಹಳೆಯ ಖಜಾಂಚಿ ಮನೆಯ ಬೀರುವಿನಲ್ಲಿ ಉಳಿದಿರುತ್ತವೆ. ಅದಕ್ಕೇ ಗ್ರಾಂಟ್ ನೋಡಿಕೊಳ್ಳುವ ಮೂವರ ಸಮಿತಿಯನ್ನು ಕೆಲಸ ಮುಗಿಯುವ ತನಕ ಬದಲಾಯಿಸಬೇಡಿ. ಪಾಸ್‌ಬುಕ್, ಬಿಲ್, ಕೊಟೇಶನ್, ಫೋಟೋ ಎಲ್ಲದರ ಒಂದು ಪ್ರತಿ ಕ್ಲಬ್ಬಿನಲ್ಲೇ ಇರಲಿ. ಈ ದಾಖಲೆಗಳನ್ನು ಕನಿಷ್ಠ ಐದು ವರ್ಷ ಇಟ್ಟುಕೊಳ್ಳಬೇಕು. ಜೂನ್ ತಿಂಗಳಲ್ಲೇ ಹಳಬರು ಹೊಸಬರು ಒಟ್ಟಿಗೆ ಕೂತು, ಒಂದೊಂದು ಬಿಲ್ಲನ್ನೂ ಖಾತೆಯ ಜೊತೆ ತಾಳೆ ನೋಡಿ, ಫೈಲ್ ಒಪ್ಪಿಸಿಬಿಡಿ.

ನಮಸ್ಕಾರ.