ಮಾತಾಡದ ಮಾಣಿ

ಎಲ್ಲರಿಗೂ ನಮಸ್ಕಾರ.

ಒಂದು ದೃಶ್ಯದಿಂದ ಶುರು ಮಾಡುತ್ತೇನೆ. ದೊಡ್ಡ ರೆಸ್ಟೋರೆಂಟು. ಶ್ರೀಮಂತ ಗಂಡಹೆಂಡಿರು ಎದುರುಬದುರು ಕೂತಿದ್ದಾರೆ. ಮಾಣಿ ಬರುತ್ತಾನೆ. ಆಕೆ ಏನೋ ತರಲು ಹೇಳುತ್ತಾಳೆ, ಅವನು ತಲೆಯಾಡಿಸುತ್ತಾನೆ. ಗಂಡ ಇನ್ನೇನೋ ಕೇಳುತ್ತಾನೆ. ಮಾಣಿ ನಗುತ್ತಾನೆ, ಮತ್ತೆ ತಲೆಯಾಡಿಸುತ್ತಾನೆ, ಹೋಗುತ್ತಾನೆ. 'ಆಯ್ತು ಸಾರ್' ಅನ್ನುವಷ್ಟೂ ಬಾಯಿ ಬಿಡುವುದಿಲ್ಲ.

ಅಮೆರಿಕದ ಹಗಲು ಹೊತ್ತಿನ ಧಾರಾವಾಹಿಗಳನ್ನು, ಅಂದರೆ ಸೋಪ್ ಒಪೆರಾಗಳನ್ನು ನೋಡಿದವರಿಗೆ ಈ ಮಾಣಿಯ ಪರಿಚಯ ಇದ್ದೇ ಇರುತ್ತದೆ. ಅವನು ಮೂಕನಲ್ಲ. ಬಾಯಿ ಬಿಟ್ಟರೆ ಸಂಭಾವನೆ ಜಾಸ್ತಿ ಕೊಡಬೇಕು, ಅಷ್ಟೆ. ಅಲ್ಲಿನ ಕಲಾವಿದರ ಒಕ್ಕೂಟದ ಒಪ್ಪಂದದಲ್ಲಿ 'ಅಂಡರ್ ಫೈವ್' ಅಂತ ಒಂದು ದರ್ಜೆ ಬಳಕೆಯಲ್ಲಿತ್ತು. ಐದು ಸಾಲು ಅಥವಾ ಅದಕ್ಕಿಂತ ಕಡಿಮೆ ಮಾತಿರುವ ಪಾತ್ರ ಅಂತ ಅರ್ಥ. ಹಿನ್ನೆಲೆಯಲ್ಲಿ ಸುಮ್ಮನೆ ಓಡಾಡುವ ನಟನ ಬಾಯಿಗೆ ಒಂದು ಸಾಲು ಹಾಕಿದರೂ ಆತ ಈ ದರ್ಜೆಗೆ ಏರುತ್ತಾನೆ. ಹಾಗಾಗಿ ಆ ಸಾಲನ್ನು ಬರೆಯುವಾಗಲೇ ಹೊಡೆದುಹಾಕುತ್ತಾರೆ. ಲೆಕ್ಕದ ಪುಸ್ತಕ ಸಂಭಾಷಣೆ ತಿದ್ದುವುದು ಹೀಗೆ.

ಹಣ ಕಡಿಮೆಯಾದಾಗ ಮೊದಲು ಕಳಪೆಯಾಗುವುದು ಗೋಡೆ, ಪರದೆ, ದೀಪ ಅಂತ ನಾವು ಅಂದುಕೊಳ್ಳುತ್ತೇವೆ. ಗೋಡೆ ಮೊದಲೂ ಅಲುಗಾಡುತ್ತಿತ್ತು ಕಣ್ರೀ! 1966ರಿಂದ 1971ರವರೆಗೆ ಎಬಿಸಿ ಎಂಬ ಟಿವಿ ಜಾಲದಲ್ಲಿ ಬಂದ 'ಡಾರ್ಕ್ ಶ್ಯಾಡೋಸ್' ಧಾರಾವಾಹಿ ನೋಡಿ. ಮೈಕು ಮೇಲಿಂದ ಇಣುಕುತ್ತದೆ, ನಟರು ಮಾತು ಮರೆತು ತಡವರಿಸುತ್ತಾರೆ. ಟೇಪು ಕತ್ತರಿಸಿ ಜೋಡಿಸುವುದು ದುಬಾರಿ ಅಂತ ಎಲ್ಲವನ್ನೂ ಹಾಗೇ ಬಿಟ್ಟಿದ್ದಾರೆ. ಅದಕ್ಕೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ಸೋಪ್ ಹುಟ್ಟಿದ್ದೇ ಅಗ್ಗದ ಸರಕಾಗಿ. ರೇಡಿಯೋ ಕಾಲದಲ್ಲಿ ಪ್ರಾಕ್ಟರ್ ಆಂಡ್ ಗ್ಯಾಂಬಲ್‌ನಂಥ ಸಾಬೂನು ಕಂಪನಿಗಳು ದುಡ್ಡು ಹಾಕಿದ್ದರಿಂದಲೇ ಆ ಹೆಸರು ಬಂತು. ಆದರೆ ಆಗ ತಾಲೀಮಿಗೆ ಹೊತ್ತಿತ್ತು, ಕಥೆಯ ಊರಿನಲ್ಲಿ ಜನ ಇದ್ದರು. ಕತ್ತರಿ ಬಿದ್ದದ್ದು ಇವೆರಡಕ್ಕೆ.

ದುಡ್ಡು ಎಲ್ಲಿ ಹೋಯಿತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಟಿವಿ ಜಾಲ ಜಾಹೀರಾತು ಮಾರಿ, ಕಂತಿಗೆ ಇಷ್ಟು ಅಂತ ನಿರ್ಮಾಪಕರಿಗೆ ಕೊಡುತ್ತದೆ. ಮಧ್ಯಾಹ್ನ ಮನೆಯಲ್ಲಿರುತ್ತಿದ್ದ ಹೆಂಗಸರು ಕೆಲಸಕ್ಕೆ ಹೊರಟರು. ಕೇಬಲ್ ಬಂತು. 1995ರಲ್ಲಿ ಕೊಲೆ ಆರೋಪ ಹೊತ್ತಿದ್ದ ಮಾಜಿ ಫುಟ್‌ಬಾಲ್ ತಾರೆ ಒ.ಜೆ. ಸಿಂಪ್ಸನ್ ವಿಚಾರಣೆಯ ನೇರಪ್ರಸಾರ ತಿಂಗಳುಗಟ್ಟಲೆ ಧಾರಾವಾಹಿಗಳ ಹೊತ್ತನ್ನು ನುಂಗಿತು. ಅಭ್ಯಾಸ ತಪ್ಪಿದವರಲ್ಲಿ ಬಹಳ ಮಂದಿ ತಿರುಗಿ ಬರಲಿಲ್ಲ. ನೋಡುವವರು ಇಳಿದಂತೆ ಜಾಹೀರಾತಿನ ಆದಾಯ ಇಳಿಯಿತು, ನಿರ್ಮಾಪಕರ ಕೈಗೆ ಬರುವುದೂ ಇಳಿಯಿತು. ಆದರೆ 1975ರಲ್ಲಿ 'ಅನದರ್ ವರ್ಲ್ಡ್' ಅರ್ಧ ಗಂಟೆಯಿಂದ ಒಂದು ಗಂಟೆಗೆ ಹಿಗ್ಗಿತ್ತು, ಉಳಿದವುಗಳಲ್ಲಿ ಹಲವು ಒಂದೊಂದಾಗಿ ಹಿಂಬಾಲಿಸಿದ್ದವು. ದುಡ್ಡಿದ್ದ ಕಾಲದಲ್ಲಿ ಹಿಗ್ಗಿಸಿದ ಆ ಗಂಟೆಯನ್ನು ಈಗ ದುಡ್ಡಿಲ್ಲದೆ ತುಂಬಿಸಬೇಕಾಯಿತು, ಅದೂ ವಾರಕ್ಕೆ ಐದು ದಿನ.

ಹೇಗೆ ತುಂಬಿಸಿದರು? 'ಡೇಸ್ ಆಫ್ ಅವರ್ ಲೈವ್ಸ್' ಧಾರಾವಾಹಿಯನ್ನೇ ತೆಗೆದುಕೊಳ್ಳಿ. 1965ರಿಂದ ಎನ್‌ಬಿಸಿಯಲ್ಲಿದ್ದು, 2022ರ ಸೆಪ್ಟೆಂಬರ್‌ನಲ್ಲಿ ಪೀಕಾಕ್ ಎಂಬ ಸ್ಟ್ರೀಮಿಂಗ್ ಸೇವೆಗೆ ಹೋಯಿತು. ಈ ಧಾರಾವಾಹಿಯಲ್ಲಿ ಕಂತಿನ ಕ್ರಮದಲ್ಲಿ ಚಿತ್ರೀಕರಣ ನಡೆಯುವುದಿಲ್ಲ. ಒಂದು ಹಜಾರದ ಸೆಟ್ ನಿಲ್ಲಿಸಿದರೆ, ಆ ಹಜಾರದಲ್ಲಿ ನಡೆಯುವ ಹಲವು ಕಂತುಗಳ ದೃಶ್ಯಗಳನ್ನು ಒಟ್ಟಿಗೇ ಮುಗಿಸುತ್ತಾರೆ. ನಟಿ ಸೋಮವಾರದ ಸಾವಿಗೆ ಅತ್ತು, ಬಟ್ಟೆ ಬದಲಿಸಿಕೊಂಡು ಬಂದು, ಗುರುವಾರದ ಸಮಾಧಾನಕ್ಕೆ ನಗಬೇಕು. ದಿನಕ್ಕೆ ನೂರು ಪುಟದ ಆಸುಪಾಸು ಸಂಭಾಷಣೆ. ಸಿನಿಮಾದಲ್ಲಾದರೆ ನಾಲ್ಕೈದು ಪುಟ ಮುಗಿದರೆ ಒಳ್ಳೆಯ ದಿನ. ಸಾಲು ತಪ್ಪದೆ ಹೇಳಿದರೆ ಟೇಕ್ ಓಕೆ. ಇಂಥದ್ದರಲ್ಲೂ ಒಬ್ಬ ಹಳೆಯ ನಟ ಒಂದು ಕ್ಷಣ ಸುಮ್ಮನಿದ್ದು ನೋಡುವ ನೋಟ ನಿಮ್ಮನ್ನು ಹಿಡಿದು ನಿಲ್ಲಿಸಿದರೆ, ಅದು ಆತನ ಕಸುಬು. ತಾಲೀಮಿನ ಕೊಡುಗೆ ಅದರಲ್ಲಿ ಏನೂ ಇರುವುದಿಲ್ಲ.

ಈ ಪದ್ಧತಿ ಒಮ್ಮೆ ಅದೃಷ್ಟವನ್ನೂ ತಂದಿತು. 2020ರಲ್ಲಿ ಕೋವಿಡ್ ಬಂದು ಎಲ್ಲ ಸ್ಟುಡಿಯೋ ಮುಚ್ಚಿದಾಗ ಉಳಿದ ಮೂರು ಸೋಪ್‌ಗಳ ಹೊಸ ಕಂತು ಖಾಲಿಯಾದವು. ತಿಂಗಳುಗಟ್ಟಲೆ ಮುಂಚೆ ಶೂಟ್ ಮಾಡಿಟ್ಟಿದ್ದ 'ಡೇಸ್' ಮಾತ್ರ ನಡೆಯುತ್ತಲೇ ಇತ್ತು. ಅದೇ ವರ್ಷ 'ದಿ ಬೋಲ್ಡ್ ಆಂಡ್ ದಿ ಬ್ಯೂಟಿಫುಲ್' ತಂಡ, ನಟರು ಹತ್ತಿರ ಬರುವಂತಿಲ್ಲ ಅಂತ, ಪ್ರಣಯ ದೃಶ್ಯಕ್ಕೆ ಬಟ್ಟೆ ಅಂಗಡಿಯ ಗೊಂಬೆಗಳನ್ನು ಬಳಸಿತು. ನಗಬೇಡಿ, ಕೆಲವು ಗೊಂಬೆ ಚೆನ್ನಾಗೇ ನಟಿಸಿದವು.

ಈಗ 'ಗೈಡಿಂಗ್ ಲೈಟ್' ವಿಷಯಕ್ಕೆ ಬರುತ್ತೇನೆ. 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ 1952ರಲ್ಲಿ ಟಿವಿಗೆ ಬಂದ ಧಾರಾವಾಹಿ ಇದು. ಸೋಪ್‌ನ ಸೆಟ್‌ಗೆ ಸಾಮಾನ್ಯವಾಗಿ ಮೂರೇ ಗೋಡೆ. ನಾಲ್ಕನೆಯ ಗೋಡೆಯ ಜಾಗದಲ್ಲಿ ಗಾಲಿಯ ಮೇಲಿನ ದೊಡ್ಡ ಕ್ಯಾಮೆರಾಗಳು. ಸಂಜೆ ಸೆಟ್ ಬಿಚ್ಚಬೇಕು, ಬೆಳಗಾಗುವುದರೊಳಗೆ ಇನ್ನೊಂದು ಕಟ್ಟಬೇಕು. ಆ ಖರ್ಚು ಉಳಿಸಲು 2008ರ ಫೆಬ್ರವರಿಯಲ್ಲಿ ಇವರು ಇಡೀ ಪದ್ಧತಿಯನ್ನೇ ಕೈಬಿಟ್ಟರು. ನಾಲ್ಕು ಗೋಡೆಯ ಕಾಯಂ ಸಣ್ಣ ಕೋಣೆಗಳು ಬಂದವು, ಕೈಯಲ್ಲಿ ಹಿಡಿಯುವ ಡಿಜಿಟಲ್ ಕ್ಯಾಮೆರಾ ಬಂತು. ಹೊರಾಂಗಣ ಬೇಕಾದರೆ ನ್ಯೂಜೆರ್ಸಿಯ ಪೀಪ್ಯಾಕ್ ಎಂಬ ಪುಟ್ಟ ಊರು.

ನಾನು ಆ ಪ್ರಯೋಗವನ್ನು ಬೈಯುವವನಲ್ಲ. ದಶಕಗಳ ಕಾಲ ರಟ್ಟಿನ ಗೋಡೆಯೊಳಗೆ ಬಾಳಿದ ಪಾತ್ರಗಳು ನಿಜವಾದ ಹುಲ್ಲಿನ ಮೇಲೆ ನಡೆದಾಗ ಒಂಥರಾ ಖುಷಿಯಾಗುತ್ತದೆ. ಆದರೆ ಕ್ಯಾಮೆರಾ ನಡುಗುತ್ತಿತ್ತು, ಮೈಕಿಗೆ ಗಾಳಿ ಹೊಡೆಯುತ್ತಿತ್ತು, ಸಣ್ಣ ಕೋಣೆಯಲ್ಲಿ ಹಿಂದೆ ಸರಿಯಲು ಜಾಗವಿಲ್ಲದೆ ಎಲ್ಲರ ಮುಖವೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ. ಹಳೆಯ ನೋಡುಗರು ಮುನಿದರು. ನನಗೆ ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಬೀದಿ. ನಿಜವಾದ ಬೀದಿಯಲ್ಲಿ ನಿಂತು ಇಬ್ಬರು ಜಗಳ ಆಡುತ್ತಿದ್ದಾರೆ, ತಿರುಗಿ ನೋಡುವುದಕ್ಕೆ ಒಂದು ನರಪಿಳ್ಳೆ ಇಲ್ಲ. ಸೆಟ್‌ನಲ್ಲಾದರೆ ಊರು ಕ್ಯಾಮೆರಾದ ಆಚೆ ಎಲ್ಲೋ ಇದೆ ಅಂತ ನಂಬಿಕೊಳ್ಳಬಹುದು. ಬಯಲಿಗೆ ಬಂದಮೇಲೆ ಊರು ಖಾಲಿ ಅನ್ನುವುದು ಬಚ್ಚಿಡಲಾರದ ಸತ್ಯ. 2009ರ ಸೆಪ್ಟೆಂಬರ್ 18ಕ್ಕೆ ಕಡೆಯ ಕಂತು ಬಂತು.

ಆಮೇಲೆ ಸಾಲಾಗಿ ಹೋದವು: 2010ರಲ್ಲಿ 'ಆ್ಯಸ್ ದಿ ವರ್ಲ್ಡ್ ಟರ್ನ್ಸ್', 2011ರಲ್ಲಿ 'ಆಲ್ ಮೈ ಚಿಲ್ಡ್ರನ್', 2012ರ ಜನವರಿಯಲ್ಲಿ 'ಒನ್ ಲೈಫ್ ಟು ಲಿವ್'. ಇವುಗಳಲ್ಲಿ 'ಆಲ್ ಮೈ ಚಿಲ್ಡ್ರನ್' ಖರ್ಚು ಉಳಿಯಲಿ ಅಂತ ನ್ಯೂಯಾರ್ಕ್ ಬಿಟ್ಟು ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತ್ತು. ಎರಡು ವರ್ಷವೂ ಬಾಳಲಿಲ್ಲ. ಅದರ ಜಾಗಕ್ಕೆ ಬಂದದ್ದು ಅಡುಗೆಯ ಹರಟೆ ಕಾರ್ಯಕ್ರಮ. 2025ರಲ್ಲಿ ಸಿಬಿಎಸ್ 'ಬಿಯಾಂಡ್ ದಿ ಗೇಟ್ಸ್' ಶುರು ಮಾಡಿದೆ, ಅಟ್ಲಾಂಟಾದಲ್ಲಿ ತಯಾರಾಗುತ್ತದೆ. ದೊಡ್ಡ ಟಿವಿ ಜಾಲಗಳಲ್ಲಿ 1999ರ ನಂತರ ಹುಟ್ಟಿದ ಮೊದಲ ಹಗಲು ಸೋಪ್ ಅದು.

ಮಾತು ಸಾಕು, ಎರಡು ತುಣುಕು ತೋರಿಸುತ್ತೇನೆ. ಮೊದಲನೆಯದು 1981ರ ನವೆಂಬರ್‌ದು, 'ಜನರಲ್ ಹಾಸ್ಪಿಟಲ್'ನ ಲ್ಯೂಕ್ ಮತ್ತು ಲಾರಾ ಮದುವೆ. ಸುಮಾರು 3 ಕೋಟಿ ಜನ ನೋಡಿದ್ದು. ಶಾಪ ಹಾಕಲು ಬರುವ ಹೆಂಗಸು ಹಾಲಿವುಡ್ ತಾರೆ ಎಲಿಜಬೆತ್ ಟೇಲರ್, ಗುರುತು ಸಿಗುತ್ತದೆ. ಎರಡನೆಯದು ಪೀಪ್ಯಾಕ್‌ನ ಬೀದಿ. ಎರಡನ್ನೂ ಮೊದಲ ಸಲ ಶಬ್ದ ಇಲ್ಲದೆ ಹಾಕುತ್ತೇನೆ. ಮಾತಾಡುವವರ ಮುಖ ನೋಡಬೇಡಿ, ಹಿಂದೆ ಎಷ್ಟು ಜನ ಇದ್ದಾರೆ ಎಣಿಸಿ. ದಯವಿಟ್ಟು ಆ ದೀಪ ಆರಿಸುತ್ತೀರಾ?